ಬಾಗುವ ಅಲಗೋ, ಬಳುಕುವ ಅಲಗೋ? ಮೀನಿನ ಚಾಕುವಿಗೆ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಸಿಹಿನೀರಿನ ಸಣ್ಣ ಮೀನುಗಳನ್ನು ಫಿಲೆಟ್ ಮಾಡಲು, ಅಂದರೆ ಮಾಂಸವನ್ನು ಮೂಳೆಯಿಂದ ಬಿಡಿಸಿ ತೆಗೆಯಲು, ಎಂಥ ಚಾಕು ಆರಿಸಬೇಕು ಅನ್ನುವ ಬಗ್ಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ವಿಷಯಕ್ಕೇನೂ ಕೊರತೆ ಇಲ್ಲ, ಪದಗಳು ಕೈಕೊಡುತ್ತಿವೆ. ಅದರಲ್ಲೂ ಮುಖ್ಯವಾಗಿ ಒಂದು ಪದ. ಇಂಗ್ಲಿಷಿನಲ್ಲಿ ‘ಫ್ಲೆಕ್ಸಿಬಲ್’ ಅಂತ ಹೇಳಿ ಮುಗಿಸುತ್ತಾರಲ್ಲ, ಅಲಗಿನ ಆ ಗುಣಕ್ಕೆ ನಾವು ಏನನ್ನಬೇಕು? ಚಾಕು ಕೊಳ್ಳುವವರು ಮೊದಲು ನೋಡಬೇಕಾದದ್ದೇ ಅದನ್ನು. ಪದ ಅಡ್ಡದಾರಿ ಹಿಡಿದರೆ ಓದಿದವರು ಬೇರೆ ಯಾವುದೋ ಚಾಕು ಹಿಡಿದು ಕೂತಿರುತ್ತಾರೆ.

ಹೊಳೆದ ಪದಗಳು ಇಷ್ಟು: ಮೆದು, ಮಣಿಯುವ, ಬಾಗುವ, ಬಳುಕುವ.

‘ಮೆದು’ ಬೇಡವೇ ಬೇಡ. ಉಕ್ಕಿನ ಮಾತು ಬಂದಾಗ ಮೆದು, ಗಡಸು ಅನ್ನುವುದು ಬೇರೆಯೇ ಲೆಕ್ಕ. ಮೆದು ಉಕ್ಕಿನ ಅಂಚು ಬೇಗ ಮೊಂಡಾಗುತ್ತದೆ, ಆದರೆ ಮಸೆಯುವುದು ಸುಲಭ. ಗಡಸು ಉಕ್ಕು ಜಾಸ್ತಿ ಹೊತ್ತು ಹರಿತ ಉಳಿಸಿಕೊಳ್ಳುತ್ತದೆ, ಮೂಳೆಗೆ ತಾಗಿದರೆ ಚಕ್ಕೆ ಏಳುವ ಭಯವೂ ಅದರಲ್ಲೇ ಜಾಸ್ತಿ. ಫಿಲೆಟ್ ಚಾಕುಗಳ ಗಡಸುತನ ಸಾಮಾನ್ಯವಾಗಿ ರಾಕ್‌ವೆಲ್ ಸಿ ಅಳತೆಯಲ್ಲಿ 54ರಿಂದ 58ರ ಆಸುಪಾಸು ಇರುತ್ತದೆ. ಇದಕ್ಕೂ ಅಲಗು ಎಷ್ಟು ಸಲೀಸಾಗಿ ಬಗ್ಗುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ ಅಂತಲೇ ಹೇಳಬಹುದು. ಒಂದೇ ದಪ್ಪ, ಒಂದೇ ಅಗಲ, ಒಂದೇ ಉದ್ದ ಇದ್ದರೆ ಮೆದು ಉಕ್ಕೂ ಗಡಸು ಉಕ್ಕೂ ಹೆಚ್ಚುಕಮ್ಮಿ ಒಂದೇ ಸಮ ಬಗ್ಗುತ್ತವೆ. ವ್ಯತ್ಯಾಸ ಕಾಣುವುದು ಮಿತಿ ಮೀರಿದಾಗ. ಮೆದುವಾದದ್ದು ಸೊಟ್ಟಗೇ ಉಳಿದುಬಿಡುತ್ತದೆ.

ನಿಜವಾಗಿ ಆಟ ಆಡಿಸುವುದು ದಪ್ಪ ಮತ್ತು ಉದ್ದ. ಅಲಗಿನ ದಪ್ಪ ಅರ್ಧ ಆದರೆ ಅದರ ಬಿಗಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಉದ್ದದ್ದು ಇದರ ತಿರುವುಮುರುವು. ದಪ್ಪ ಹಾಗೇ ಇಟ್ಟು ಉದ್ದ ಮಾತ್ರ ಅರ್ಧ ಮಾಡಿದರೆ ತುದಿ ಎಂಟು ಪಟ್ಟು ಬಿಗಿಯಾಗುತ್ತದೆ. ಸಣ್ಣ ಮೀನಿನ ಕೆಲಸಕ್ಕೆ ಇದು ನೇರವಾಗಿ ಬಂದು ತಟ್ಟುತ್ತದೆ. ಅಂಗೈಯಷ್ಟೋ ಅದಕ್ಕಿಂತ ಸ್ವಲ್ಪ ದೊಡ್ಡದೋ ಆದ ಮೀನಿಗೆ 10ರಿಂದ 15 ಸೆಂಟಿಮೀಟರ್ ಅಲಗು ಸಾಕು. ಆದರೆ ದೊಡ್ಡ ಮೀನಿನ 20 ಸೆಂಟಿಮೀಟರ್ ಚಾಕುವಿನ ದಪ್ಪವನ್ನೇ ಈ ಮೋಟು ಅಲಗಿಗೂ ಕೊಟ್ಟರೆ ಅದು ಮಿಸುಕುವುದೇ ಇಲ್ಲ. ಚಿಕ್ಕ ಚಾಕು ಅಂತ ಉದ್ದ ಮಾತ್ರ ನೋಡಿದರೆ ಪ್ರಯೋಜನ ಇಲ್ಲ, ಅಲಗಿನ ಬೆನ್ನಿನ, ಅಂದರೆ ಅಂಚಿನ ಎದುರು ಬದಿಯ, ದಪ್ಪವನ್ನೂ ನೋಡಬೇಕು. 2 ಮಿಲಿಮೀಟರಿಗಿಂತ ಕಮ್ಮಿ ಇರಲಿ ಅನ್ನುವುದು ನನ್ನ ಮಾತು. ಇದನ್ನೆಲ್ಲ ‘ಮೆದು ಅಲಗು’ ಅಂತ ಬರೆದು ಹಾಳು ಮಾಡಲು ಮನಸ್ಸಿಲ್ಲ.

‘ಬಾಗುವ’ ಅನ್ನುವುದರಲ್ಲಿ ಇನ್ನೊಂದು ತೊಡಕು. ಈ ಚಾಕುಗಳ ಅಂಚು ತುದಿಯ ಹತ್ತಿರ ಮೇಲಕ್ಕೆ ಬಾಗಿರುತ್ತದೆ. ಅದು ಆಕಾರ. ‘ಬಾಗು ಅಲಗು’ ಅಂದರೆ ಓದುವವರಿಗೆ ಆಕಾರವೇ ಕಣ್ಣಿಗೆ ಬರುತ್ತದೆ, ಅಲ್ವಾ? ‘ಬಾಗಿದ’ ಮತ್ತು ‘ಬಾಗುವ’ ನಡುವೆ ಎರಡೇ ಅಕ್ಷರದ ಅಂತರ, ಅವಸರದಲ್ಲಿ ಓದುವವರು ಗಮನಿಸುವುದಿಲ್ಲ. ‘ಮಣಿಯುವ’ ಪರವಾಗಿಲ್ಲ, ಆದರೆ ಮಣಿದದ್ದು ಮತ್ತೆ ಎದ್ದೇಳುತ್ತದೆ ಅನ್ನುವ ಭಾವ ಅದರಲ್ಲಿಲ್ಲ. ಬಳುಕುವುದರಲ್ಲಿ ಅದಿದೆ. ಗಾಳಿಗೆ ಬಳುಕಿದ ಕೊಂಬೆ ತಾನಾಗಿ ಮೊದಲಿನಂತಾಗುತ್ತದೆ. ಒಳ್ಳೆಯ ಅಲಗಿನ ಪರೀಕ್ಷೆಯೂ ಅದೇ. ತುದಿಯನ್ನು ಹಲಗೆಗೆ ಒಂದು ಬದಿಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ಬಿಲ್ಲಾಗಿ, ಥಟ್ಟನೆ ನೆಟ್ಟಗಾಗಬೇಕು. ಬುಡದ ಹತ್ತಿರ ಮಡಿಚಿದಂತೆ ಬಗ್ಗಿದರೆ ಕೆಳಗಿಟ್ಟುಬಿಡಿ.

ಹಾಗಾಗಿ ನನ್ನ ಓಟು ‘ಬಳುಕುವ ಅಲಗು’ ಅನ್ನುವುದಕ್ಕೆ. ನಾಮಪದ ಬೇಕಾದಲ್ಲಿ ‘ಬಳುಕು’, ಎದುರಿನ ಪದ ‘ಬಿಗಿ ಅಲಗು’. ಬಳುಕು ಅಂದ ಕೂಡಲೇ ಸಿನಿಮಾ ಹಾಡಿನ ನಡು ನೆನಪಾಗುತ್ತದೆ ಅಂತ ಯಾರಾದರೂ ನಗಬಹುದು. ನಗಲಿ, ಪದವಾದರೂ ನೆನಪಿನಲ್ಲಿ ಉಳಿಯುತ್ತದೆ.

ಪದವನ್ನು ಕೆಲಸದಲ್ಲಿ ಹಾಕಿ ನೋಡಿದ ಒಂದು ತುಣುಕು ಇದು. ಓದಿ ಹೇಳಿ:

“ಮೀನನ್ನು ಮಗ್ಗುಲಾಗಿ ಮಲಗಿಸಿ. ಕಿವಿರಿನ ಮುಚ್ಚಳ ಮತ್ತು ಪಕ್ಕದ ರೆಕ್ಕೆಯ ಹಿಂದೆ ಓರೆಯಾಗಿ ಕೊಯ್ಯಿರಿ. ಅಂಚು ನಡುಮೂಳೆಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲೇ ನಿಲ್ಲಿಸಿ, ಚಾಕುವನ್ನು ಬಾಲದ ಕಡೆ ತಿರುಗಿಸಿ. ಈಗ ಅಲಗನ್ನು ಮೂಳೆಯ ಮೇಲೆ ಕೊಂಚ ಒತ್ತಿ ಹಿಡಿಯಿರಿ. ಅದು ಬಳುಕಿ ಮೂಳೆಗೆ ಅಂಟಿಕೊಳ್ಳಬೇಕು. ಹಾಗೇ ಬಾಲದವರೆಗೆ ಜಾರಿಸಿ. ಸಣ್ಣ ಮುಳ್ಳುಗಳ ಮೇಲೆ ಅಂಚು ಹಾಯುವಾಗ ಟಿಕ್ ಟಿಕ್ ಅಂತ ಸದ್ದು ಬಂದರೆ ದಾರಿ ಸರಿ ಇದೆ.”

ಬಿಗಿ ಅಲಗು ಇಲ್ಲಿ ಮೂಳೆಯ ಏರುತಗ್ಗಿಗೆ ಒಗ್ಗದೆ ನೇರ ಹೋಗುತ್ತದೆ, ಮಾಂಸ ಮೂಳೆಗೇ ಉಳಿಯುತ್ತದೆ. ದೊಡ್ಡ ಮೀನಿನಲ್ಲಿ ಒಂದೆರಡು ಮಿಲಿಮೀಟರ್ ಹೋದರೆ ಹೋಯಿತು. ಸಣ್ಣ ಮೀನಿನಲ್ಲಿ ಇರುವುದೇ ತೆಳು ಪದರ, ಅಷ್ಟು ಹೋದರೆ ಏನು ಉಳಿಯಿತು? ಹಾಗಂತ ಬಳುಕು ಅತಿಯಾದರೆ ಪಕ್ಕೆಮುಳ್ಳುಗಳ ಹತ್ತಿರ ಅಲಗು ಹೇಳಿದ ಮಾತು ಕೇಳುವುದಿಲ್ಲ, ತುದಿ ಎಲ್ಲೆಲ್ಲೋ ಅಲೆಯುತ್ತದೆ.

ಎರಡನೆಯ ಪ್ರಶ್ನೆ ‘ಶಾರ್ಪ್’ ಬಗ್ಗೆ. ಇದರಲ್ಲಿ ಕನ್ನಡವೇ ಮುಂದಿದೆ ಅನ್ನಿ. ಅಂಚಿಗೆ ‘ಹರಿತ’, ತುದಿಗೆ ‘ಚೂಪು’. ಫಿಲೆಟ್ ಚಾಕುವಿಗೆ ಎರಡೂ ಬೇಕು, ಅಂಚಿನ ಕೋನ ಒಂದೊಂದು ಬದಿಗೆ ಸುಮಾರು 15 ಡಿಗ್ರಿ ಇದ್ದರೆ ಚೆನ್ನ. ಆದರೆ ಈಚಿನ ಬರಹಗಳಲ್ಲಿ ‘ಚೂಪಾದ ಚಾಕುವಿನಿಂದ ತೆಳ್ಳಗೆ ಕತ್ತರಿಸಿ’ ಅನ್ನುವಂಥ ಮಾತು ಕಾಣುತ್ತೇನೆ. ಚೂಪು ಚುಚ್ಚುತ್ತದೆ, ಕೊಯ್ಯುವುದು ಹರಿತ. ಇದು ಸುಮ್ನೆ ನನ್ನ ಕಿರಿಕಿರಿಯೋ, ನಿಮಗೂ ಹಾಗೇ ಅನ್ನಿಸುತ್ತದೋ?

ಮೂರನೆಯದು ‘ಫಿಲೆಟ್’ ಪದವೇ. ಫ್ರೆಂಚಿನಲ್ಲಿ ನೂಲು, ಎಳೆ ಅನ್ನುವ ಪದದಿಂದ ಹುಟ್ಟಿದ್ದು. ನಮ್ಮ ‘ಹೋಳು’, ‘ತುಂಡು’ ಎರಡರಲ್ಲೂ ಮೂಳೆ ಇರಬಹುದು, ಆದ್ದರಿಂದ ಆಗುವುದಿಲ್ಲ. ‘ಸೀಳು’ ಅಂದರೆ ಮೀನನ್ನೇ ಎರಡು ಮಾಡಿದಂತೆ, ಮೂಳೆ ಒಂದು ಕಡೆ ಉಳಿದೇ ಇರುತ್ತದೆ. ‘ಮುಳ್ಳು ಬಿಡಿಸು’ ಅನ್ನುವುದು ಚೆನ್ನಾಗಿದೆ, ಆದರೆ ಬೇಯಿಸಿದ ಮೀನನ್ನು ತಟ್ಟೆಯಲ್ಲಿ ಬಿಡಿಸುವುದಕ್ಕೂ ಅದೇ ಮಾತು. ‘ಮೂಳೆಯಿಂದ ಬಿಡಿಸು’ ಅನ್ನುವುದನ್ನು ಕ್ರಿಯೆಗೆ ಇಟ್ಟುಕೊಂಡು, ಬಿಡಿಸಿದ ಮಾಂಸಕ್ಕೆ ‘ಫಿಲೆಟ್’ ಅಂತಲೇ ಬಿಡೋಣ ಅಂತಿದ್ದೇನೆ. ಹೊಸ ಪದ ಕಟ್ಟುವ ಹುಮ್ಮಸ್ಸಿರುವವರು ಬೈಯಬಹುದು. ಚರ್ಮ ತೆಗೆಯುವುದಕ್ಕೆ ‘ಸುಲಿ’, ಹುರುಪೆಗೆ ‘ಹೆರೆ’, ಹೊಟ್ಟೆಗೆ ‘ಬಗೆ’ ಇವೆಯಲ್ಲ, ಅಲ್ಲೆಲ್ಲ ಚಿಂತೆ ಇಲ್ಲ.

ಚಾಕುವಿನ ಭಾಗಗಳಿಗೆ ಅಲಗು, ಅಂಚು, ತುದಿ, ಹಿಡಿ ಸಾಕು. ‘ಬೆನ್ನು’ ಮಾತ್ರ ಪೇಚು. ‘ಬೆನ್ನಿನ ಕಡೆಯಿಂದ ಶುರು ಮಾಡಿ’ ಅಂದರೆ ಚಾಕುವಿನ ಬೆನ್ನೋ ಮೀನಿನ ಬೆನ್ನೋ? ಮೀನಿಗೆ ಬೆನ್ನು ಬಿಟ್ಟುಕೊಟ್ಟು, ಅಲಗಿಗೆ ಪ್ರತಿ ಸಲವೂ ‘ಅಲಗಿನ ಬೆನ್ನು’ ಅಂತ ಪೂರ್ತಿ ಬರೆಯುತ್ತಿದ್ದೇನೆ.

ಹಿಡಿ ಮತ್ತು ಅಲಗು ಕೂಡುವ ಜಾಗದಲ್ಲಿ, ಬೆರಳು ಮುಂದಕ್ಕೆ ಜಾರಿ ಅಂಚಿಗೆ ಸಿಗದ ಹಾಗೆ ಒಂದು ಉಬ್ಬು ಇರುತ್ತದೆ. ಸಿಹಿನೀರಿನ ಮೀನಿನ ಲೋಳೆ ಕೈಗೆ ಮೆತ್ತಿದಾಗ ಬೆರಳು ಕಾಯುವುದು ಅದೇ. ನುಣುಪು ಹಿಡಿ ಎಷ್ಟೇ ಚೆಂದ ಇದ್ದರೂ, ಈ ಉಬ್ಬು ಇಲ್ಲದಿದ್ದರೆ ಬೇಡ ಅಂತ ಬರೆದಿದ್ದೇನೆ. ಉಬ್ಬಿಗೆ ‘ಬೆರಳುತಡೆ’ ಅಂದರೆ ಅರ್ಥ ಆಗುತ್ತದಾ?

ಕೊನೆಗೆ ಒಂದು. ಕಾರ್ಪ್ ಜಾತಿಯ ಮೀನುಗಳಲ್ಲಿ ನಡುಮೂಳೆಗೆ ಅಂಟದೆ, ಮಾಂಸದ ಒಳಗೇ ಕವಲೊಡೆದು ಕೂತಿರುವ ಸಣ್ಣ ಮುಳ್ಳುಗಳಿರುತ್ತವೆ. ತಿಲಾಪಿಯಾದಲ್ಲಿ ಈ ಕಾಟ ಇಲ್ಲ. ಎಂಥ ಚಾಕು ಇದ್ದರೂ ಮೂಳೆಯ ಗುಂಟ ಹೋದಾಗ ಈ ಮುಳ್ಳುಗಳು ಫಿಲೆಟ್‌ನ ಜೊತೆಗೇ ಬರುತ್ತವೆ. ಆಮೇಲೆ ಹತ್ತಿರ ಹತ್ತಿರ ಗೀರು ಹಾಕಿ ಅವನ್ನು ಚೂರು ಮಾಡಬೇಕು, ಅದಕ್ಕೆ ಬಳುಕಿಗಿಂತ ಹರಿತ ಮುಖ್ಯ. ಸದ್ಯಕ್ಕೆ ‘ಕವಲುಮುಳ್ಳು’ ಅಂತ ಬರೆದಿದ್ದೇನೆ. ಮೀನಿನ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಹೆಸರು ಕೇಳಿದ್ದರೆ ದಯವಿಟ್ಟು ತಿಳಿಸಿ, ಅದನ್ನೇ ಹಾಕುತ್ತೇನೆ.