ಗುಡ್ಡ ಇಳಿದ ಮೇಲೆ ತೊಡೆ ಹಿಡಿದುಕೊಂಡಿದೆ, ಏನು ಮಾಡಲಿ?

ಶಿವಮೊಗ್ಗದಿಂದ ಪ್ರಶ್ನೆ:
ಭಾನುವಾರ ಕೊಡಚಾದ್ರಿಗೆ ಹೋಗಿದ್ದೆವು. ಹತ್ತುವುದಕ್ಕೆ ಜೀಪು, ಇಳಿಯುವುದು ನಡೆದು. ಇಳಿಯುವುದೇ ಸುಲಭ ಅಂದುಕೊಂಡಿದ್ದೆ. ಅವತ್ತು ಏನೂ ಆಗಲಿಲ್ಲ. ಸೋಮವಾರ ಎದ್ದರೆ ತೊಡೆ ಕಲ್ಲಾಗಿತ್ತು, ಇವತ್ತು ಮಂಗಳವಾರ ಇನ್ನೂ ಜಾಸ್ತಿ. ಮನೆ ಎರಡನೇ ಮಹಡಿ, ಏಡಿ ಥರ ಅಡ್ಡಡ್ಡ ಮೆಟ್ಟಿಲು ಇಳಿಯುತ್ತಿದ್ದೇನೆ. ನೋವಿನ ಮಾತ್ರೆ ನುಂಗಲಾ?

ತೀರ್ಥಹಳ್ಳಿ ಕಡೆಯಿಂದ:
ಇಳಿದದ್ದೇ ತಪ್ಪಾಯ್ತು ಮಾರಾಯ್ರೇ! ಕವಲೇದುರ್ಗದಿಂದ ಓಡಿಕೊಂಡು ಇಳಿದು ನನಗೂ ಹೀಗೇ ಆಗಿತ್ತು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ, ಅಂದರೆ ಹಿಗ್ಗುತ್ತಲೇ ಭಾರವನ್ನೂ ತಡೆದು ಹಿಡಿಯಬೇಕು, ಆಗ ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಿಯುತ್ತವೆ. ಅದನ್ನು ಸರಿಮಾಡಲು ರಕ್ತದ ಬಿಳಿ ಕಣಗಳು ಬರುತ್ತವೆ, ನೀರು ತುಂಬಿ ಊದುತ್ತದೆ. ಇದಕ್ಕೆಲ್ಲ ಹೊತ್ತು ಬೇಕಲ್ವಾ, ಅದಕ್ಕೇ ನೋವು ಮಾರನೇ ದಿನ ಬರುವುದು. ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಜೋರಾಗಿ, ವಾರದೊಳಗೆ ಹೋಗುತ್ತದೆ. ಜಿಮ್‌ನವರು ದುಡಿದ ಸ್ನಾಯುವಿನಲ್ಲಿ ಸೇರುವ ಲ್ಯಾಕ್ಟಿಕ್ ಆಸಿಡ್ ಅನ್ನೋ ಆಮ್ಲದಿಂದ ನೋವು ಅಂತಾರೆ, ನಂಬಬೇಡಿ. ಅದು ಗಂಟೆ ಎರಡು ಗಂಟೆಯಲ್ಲಿ ಇಳಿದು ಹೋಗಿರುತ್ತದೆ.

ಸಾಗರದಿಂದ:
ಎಣ್ಣೆ ಹಚ್ಚಿ ಹಂಡೆ ನೀರು ಹೊಯ್ದುಕೊಳ್ಳಿ. ಹರಿದ ಎಳೆ ಅದರಿಂದ ಬೇಗ ಕೂಡುವುದಿಲ್ಲ, ಗೊತ್ತು, ಆದರೆ ಆ ರಾತ್ರಿ ನಿದ್ದೆಯಾದರೂ ಬರುತ್ತದೆ. ಮಲಗೇ ಇರಬೇಡಿ, ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಓಡಾಡಿ. ಮಾತ್ರೆ ತೀರಾ ತಡೆಯದಿದ್ದರೆ ಮಾತ್ರ. ಐಬುಪ್ರೊಫೇನ್ ಥರದ್ದನ್ನು ಖಾಲಿ ಹೊಟ್ಟೆಯಲ್ಲಿ, ಬೆವರು ಸುರಿಸಿ ನೀರು ಕುಡಿಯದೆ ಇದ್ದಾಗ ನುಂಗಬೇಡಿ, ಕಿಡ್ನಿಗೆ ಪೆಟ್ಟು.

ಹೊಸನಗರದಿಂದ:
ಒಂದು ವಿಷಯ ಮರೆಯಬೇಡಿ, ಮೂತ್ರದ ಬಣ್ಣ. ಅಣ್ಣನ ಮಗ ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ಅಂತ ಬಿಸಿಲಲ್ಲಿ ಮೊದಲ ದಿನವೇ 300 ಬಸ್ಕಿ ಹೊಡೆದ. ನಾವೂ ಮಾಮೂಲಿ ಮೈನೋವು ಅಂತ ಸುಮ್ನೆ ಇದ್ದೆವು. ಮೂರನೇ ದಿನ ತೊಡೆ ಬಿಗಿದು ಊದಿತು, ಎದ್ದು ನಿಲ್ಲಲು ಆಗಲಿಲ್ಲ, ಮೂತ್ರ ಹಾಲು ಹಾಕದ ಚಹಾದ ಬಣ್ಣ. ಆಸ್ಪತ್ರೆಯಲ್ಲಿ ಸ್ನಾಯು ಎಷ್ಟು ಒಡೆದಿದೆ ಅಂತ ತೋರಿಸುವ ರಕ್ತದ ಸಿಕೆ ಪರೀಕ್ಷೆ ಮಾಡಿ ನಾಲ್ಕು ದಿನ ಡ್ರಿಪ್ ಹಾಕಿದರು. ಸ್ನಾಯು ಜಾಸ್ತಿ ಒಡೆದರೆ ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೇರಿ ಕಿಡ್ನಿ ಕೆಡಿಸುತ್ತದಂತೆ. ಅಂಥ ಬಣ್ಣ ಕಂಡರೆ ಎಣ್ಣೆ, ಕಷಾಯ ಅಂತ ಕಾಯದೆ ಅವತ್ತೇ ಹೊರಡಿ.

ಕೇಳಿದವರು:
ಬಣ್ಣ ಮಾಮೂಲಿ ಇದೆ, ಪುಣ್ಯ. ಮುಂದಿನ ತಿಂಗಳು ಕುಂದಾದ್ರಿ ಅಂತಿದ್ದಾರೆ, ಬಿಟ್ಟುಬಿಡಲಾ?

ತೀರ್ಥಹಳ್ಳಿ ಕಡೆಯಿಂದ:
ಯಾಕೆ ಬಿಡುತ್ತೀರಿ? ಒಂದು ಸಲ ಪೆಟ್ಟು ತಿಂದು ಸರಿಯಾದ ಸ್ನಾಯು ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಲಿಗೆ ಬರುವವರು ದಿನಕ್ಕೆ ಹತ್ತು ಸಲ ತೋಟಕ್ಕೆ ಇಳಿದು ಹತ್ತುತ್ತಾರೆ, ಸುಗ್ಗಿಯ ಎರಡನೇ ದಿನ ಅವರೂ ಕುಂಟುತ್ತಾರೆ, ಆಮೇಲೆ ಇಲ್ಲ. ನೋವು ಹೋದ ಮೇಲೆ ನಿಮ್ಮ ಎರಡು ಮಹಡಿಯನ್ನೇ ನಾಲ್ಕು ಸಲ ಇಳಿಯಿರಿ. ಮತ್ತೆ ಈ ಸಲ ಜೀಪು ಇಳಿಯುವುದಕ್ಕೆ ಇಟ್ಟುಕೊಳ್ಳಿ.