ಕೆರಿಯರ್ ಮೆಂಟರ್‌ಗೆ 36,000 ಕೊಡಬಹುದಾ? ಅನುಭವ ಇರೋರು ಹೇಳಿ

ತುಮಕೂರು_ಕ್ಯೂಸಿ: ಡಿಪ್ಲೊಮಾ ಮೆಕ್ಯಾನಿಕಲ್. ವಸಂತನರಸಾಪುರದಲ್ಲಿ ಆಟೊ ಬಿಡಿಭಾಗದ ಕಂಪನಿ, ಇನ್‌ಸ್ಪೆಕ್ಷನ್‌ನಲ್ಲಿ 6 ವರ್ಷ. ಕ್ವಾಲಿಟಿ ಎಂಜಿನಿಯರ್ ಆಗ್ಬೇಕು. ಬೆಂಗಳೂರಿನ ಕೆರಿಯರ್ ಕನ್ಸಲ್ಟೆಂಟ್ ಒಬ್ರು 3 ತಿಂಗಳಿಗೆ 36,000 ಕೇಳ್ತಿದ್ದಾರೆ, ಇಎಂಐ ಇದೆಯಂತೆ. ಕೊಟ್ಟಷ್ಟಕ್ಕೆ ಉಪಯೋಗ ಆಗುತ್ತಾ?

ಮಾಲೂರು_ಬಿ_ಶಿಫ್ಟ್: ಇಎಂಐ ಅಂದ ತಕ್ಷಣ ಎದ್ದು ಬನ್ನಿ. 36,000ಕ್ಕೆ ಶೇ 18 ಜಿಎಸ್‌ಟಿ 6,480, ಒಟ್ಟು 42,480. ಬಾಯಲ್ಲಿ ಹೇಳಲ್ಲ, ಬಿಲ್ಲಲ್ಲಿ ಬರುತ್ತೆ. ಬಿಲ್ಲಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇಲ್ಲ ಅಂದ್ರೆ ಆ 6,480 ಅವರ ಜೇಬಿಗೇ. ‘ಬಡ್ಡಿ ಇಲ್ಲದ ಇಎಂಐ’ ಅಂದ್ರೆ ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಬರೆದು ದುಡ್ಡು ಪೂರ್ತಿ ಅವರ ಖಾತೆಗೆ ಹಾಕುತ್ತೆ. ಎರಡನೇ ಸೆಷನ್‌ಗೇ ಮೆಂಟರ್ ಫೋನ್ ಎತ್ತದಿದ್ರೂ ಕಂತು ನಿಲ್ಲಲ್ಲ. ಒಂದು ಬೌನ್ಸ್ ಆದ್ರೂ ಸಿಬಿಲ್‌ಗೆ ಏಟು. ನಂದು ಇನ್ನೂ 4 ಕಂತು ಬಾಕಿ. ಓಟಿಪಿ ಕೊಡೋ ಮುಂಚೆ ಸಾಲದ ಕಾಗದದಲ್ಲಿ ‘ಕೂಲಿಂಗ್ ಆಫ್’ ಎಷ್ಟು ದಿನ ಅಂತ ನೋಡಿ. ಅಷ್ಟರೊಳಗೆ ಅಸಲು, ಆ ದಿನಗಳ ಬಡ್ಡಿ ಕಟ್ಟಿ ದಂಡ ಇಲ್ಲದೆ ಹೊರಬರಬಹುದು.

ಶಿರಾಗೇಟ್_ಎಸ್‌ಕ್ಯೂಇ: ನೀವು ಸಾಲ ಮಾಡಿದ್ದಕ್ಕೆ ಮೆಂಟರ್‌ಗಳೆಲ್ಲ ಕಳ್ಳರಾ? 4 ಸೆಷನ್, ಒಂದಕ್ಕೆ 2,000, ಆಗಿಂದಾಗ ಯುಪಿಐ. 8,000ಕ್ಕೆ ಮುಗೀತು. ಭಾಷಣದ ಕೋಚ್ ಬೇಡ, ಸಪ್ಲೈಯರ್ ಕ್ವಾಲಿಟಿಯಲ್ಲೇ ಸವೆದೋರನ್ನ ಹಿಡೀಬೇಕು. ರೆಸ್ಯೂಮೆಯಲ್ಲಿ ‘7 ಕ್ಯೂಸಿ ಟೂಲ್ಸ್ (ಗುಣಮಟ್ಟದ ದೋಷ ಹುಡುಕೋ ಮೂಲ ವಿಧಾನಗಳು) ಗೊತ್ತು’ ಅನ್ನೋ ಸಾಲು ಹೊಡೆದುಹಾಕಿ, ‘ಬೋರ್ ವ್ಯಾಸದ ಸಿಪಿಕೆ (ಅಳತೆ ಮಿತಿಯೊಳಗೆ ಎಷ್ಟು ಸ್ಥಿರವಾಗಿ ಬರುತ್ತೆ ಅನ್ನೋ ಅಂಕ, ಹೆಚ್ಚಿದ್ದಷ್ಟೂ ಒಳ್ಳೇದು) 1.1 ಇತ್ತು, ಇನ್ಸರ್ಟ್ (ಟೂಲ್‌ನ ಕತ್ತರಿಸೋ ತುದಿ) ಬದಲಿಸೋದನ್ನ 400 ಪೀಸ್‌ನಿಂದ 250ಕ್ಕೆ ಇಳಿಸಿದ್ಮೇಲೆ 1.45’ ಅಂತ ಬರೆಸ್ತಾರೆ. ಮುಂದಿನ ಪ್ರಶ್ನೆ ಎಲ್ಲಿಂದ ಬರುತ್ತೆ ಅಂತಾನೂ ಅವರಿಗೆ ಗೊತ್ತು: 1.33 ಸಾಕಾಗದೆ ಹೊಸ ಪಾರ್ಟ್‌ಗೆ ಗ್ರಾಹಕ 1.67 ಯಾಕೆ ಕೇಳ್ತಾನೆ, ಗೇಜ್ ಆರ್ ಅಂಡ್ ಆರ್ (ಅಳೆಯೋದರಲ್ಲೇ ಬರೋ ವ್ಯತ್ಯಾಸ) ಶೇ 30 ದಾಟಿದ್ರೆ ಆ ಸಿಪಿಕೆ ನಂಬಬಹುದಾ. ಪಿಪಿಎಪಿಯ (ಹೊಸ ಪಾರ್ಟ್‌ಗೆ ಗ್ರಾಹಕನ ಒಪ್ಪಿಗೆ ಪಡೆಯೋ ದಾಖಲೆಗಳ ಕಟ್ಟು) 18 ಅಂಶ ಬಾಯಿಪಾಠ ಇದ್ರೆ ಏನೂ ಆಗಲ್ಲ. ಫ್ಲೋ ಚಾರ್ಟು, ಎಫ್‌ಎಂಇಎ (ಎಲ್ಲಿ ಏನು ಕೆಡಬಹುದು ಅನ್ನೋ ಪಟ್ಟಿ), ಕಂಟ್ರೋಲ್ ಪ್ಲಾನು (ಯಾವ ಹಂತದಲ್ಲಿ ಏನು ತಪಾಸಣೆ ಅನ್ನೋದು) ಮೂರರಲ್ಲೂ ಆಪರೇಷನ್ ನಂಬರ್ ತಾಳೆ ಆಗಬೇಕು. ಮುಕ್ಕಾಲು ಜನ ಅಲ್ಲೇ ಸಿಕ್ಕಿಬೀಳೋದು.

ಕೆಜಿಎಫ್_ಹಳಬ: ಇಷ್ಟಕ್ಕೆ 8,000 ಯಾಕೆ ಸ್ವಾಮಿ? ಲೈನ್‌ನಲ್ಲಿರೋ ಸೀನಿಯರ್‌ಗೆ ಟೀ ಕುಡಿಸಿದ್ರೆ ಹೇಳ್ತಾರೆ. ಐಎಟಿಎಫ್ 16949 (ಆಟೊ ಕಂಪನಿಗಳ ಗುಣಮಟ್ಟದ ಮಾನದಂಡ) ಇಂಟರ್ನಲ್ ಆಡಿಟರ್ ತರಬೇತಿಗೆ ಹೆಸರು ಹಾಕಿಸ್ಕೊಳ್ಳಿ, ಖರ್ಚು ಕಂಪನಿದು. ಕೇಂದ್ರ ಸರ್ಕಾರದ ಎನ್‌ಸಿಎಸ್ ಉದ್ಯೋಗ ಪೋರ್ಟಲ್ 2015ರಿಂದ ಇದೆ, ಪುಕ್ಕಟೆ.

ಶಿರಾಗೇಟ್_ಎಸ್‌ಕ್ಯೂಇ: ಟೀ ಲೋಟ ಕೆಳಗಿಡೋದ್ರೊಳಗೆ ‘ಇವನು ಕೆಲಸ ಬಿಡ್ತಾನಂತೆ’ ಅಂತ ಮ್ಯಾನೇಜರ್ ಕಿವಿಗೆ ಬಿದ್ದಿರುತ್ತೆ. ಪೋರ್ಟಲ್ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತಾ ಅಣ್ಣ?

ಕೆಜಿಎಫ್_ಹಳಬ: ದುಡ್ಡು ಕೊಟ್ಟು ಕಲಿತೋರಿಗೆ ಪುಕ್ಕಟೆ ಸಿಕ್ಕಿದ್ದು ರುಚಿಸಲ್ಲ ಬಿಡಪ್ಪ.

ಗೌರಿಬಿದನೂರು_ಎಚ್‌ಆರ್: ಮೆಂಟರ್ರೂ ಪ್ಲೇಸ್‌ಮೆಂಟ್ ಕನ್ಸಲ್ಟೆನ್ಸಿನೂ ಒಂದೇ ಅಲ್ಲ. ಕನ್ಸಲ್ಟೆನ್ಸಿಗೆ ದುಡ್ಡು ಕೊಡೋದು ಕಂಪನಿ, ಸಾಮಾನ್ಯವಾಗಿ ವರ್ಷದ ಸಿಟಿಸಿಯ ಶೇ 8.33, ಅಂದ್ರೆ ಒಂದು ತಿಂಗಳ ಸಂಬಳ. ‘ಕೆಲಸ ಗ್ಯಾರಂಟಿ’ ಅಂತ ನಿಮ್ಮ ಹತ್ರ ಕೇಳಿದ್ರೆ ಕೊಡಬೇಡಿ. ‘2 ವರ್ಷ ಅನುಭವ ಸೇರಿಸ್ತೀವಿ’ ಅನ್ನೋರ ಹತ್ರ ಅಂತೂ ನಿಲ್ಲಲೇಬೇಡಿ: ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ, ಬಿಟ್ಟ ತಾರೀಕು ಎರಡೂ ಇರುತ್ತೆ, ವೆರಿಫಿಕೇಷನ್‌ನಲ್ಲಿ ಆಫರ್ ಹೋಗುತ್ತೆ. ಇನ್ನು ಆ ಎರಡು ಕಾಲಮ್ಮಿನ ಬಣ್ಣದ ರೆಸ್ಯೂಮೆ, ಅದಕ್ಕೆ ದುಡ್ಡು ಕೊಡೋರನ್ನ ನೋಡಿದ್ರೆ ಪಾಪ ಅನ್ಸುತ್ತೆ.

ಮಾಲೂರು_ಬಿ_ಶಿಫ್ಟ್: ಪಾಪ ಯಾಕ್ರೀ? ನಂದೂ ಎರಡು ಕಾಲಮ್ಮೇ. 4,500 ಕೊಟ್ಟಿದ್ದೀನಿ.

ಗೌರಿಬಿದನೂರು_ಎಚ್‌ಆರ್: ಆ ಪಿಡಿಎಫ್ ತೆಗೆದು, ಇರೋದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ರೆಸ್ಯೂಮೆ ಸೋಸೋ ಕಂಪನಿ ಸಾಫ್ಟ್‌ವೇರ್ ಓದೋದೂ ಹೆಚ್ಚುಕಮ್ಮಿ ಹಾಗೇ.

ತುಮಕೂರು_ಕ್ಯೂಸಿ: ನಾನಿನ್ನೂ ದುಡ್ಡು ಕಟ್ಟಿಲ್ಲ. ನನ್ನ ವಿಷಯಕ್ಕೆ ಯಾರಾದ್ರೂ…

ಮಾಲೂರು_ಬಿ_ಶಿಫ್ಟ್: ಅಂಟಿಸಿ ನೋಡ್ದೆ. ಕಂಪನಿ ಹೆಸರಿನ ಜಾಗದಲ್ಲಿ ‘ಹವ್ಯಾಸ ಕ್ರಿಕೆಟ್’ ಬಂದಿದೆ. 4,500 ವಾಪಸ್ ಕೇಳೋಕೆ ದಾರಿ ಇದೆಯಾ?

ಗೌರಿಬಿದನೂರು_ಎಚ್‌ಆರ್: ಮೊದಲು ಗ್ರಾಹಕ ಸಹಾಯವಾಣಿ 1915. ಅಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗೆ ದೂರಿಗೆ ಶುಲ್ಕ ಇಲ್ಲ. ಬಿಲ್ ಇಟ್ಟಿದ್ದೀರಾ?

ಮಾಲೂರು_ಬಿ_ಶಿಫ್ಟ್: ವಾಟ್ಸಾಪ್‌ನಲ್ಲಿ ‘ರಿಸೀವ್ಡ್ ಬ್ರೋ’ ಅಂತ ಇದೆ.