ಮನೆಗೆ ನುಗ್ಗಿದ ಮಳೆನೀರು: ವಿಮಾ ಸರ್ವೇಯರರಿಗೆ ಬಡಾವಣೆಯವರ ಪ್ರಶ್ನೆಗಳು

ನಿರ್ವಾಹಕರು: ಭಾನುವಾರ ರಾತ್ರಿ ರಾಜಕಾಲುವೆ ಉಕ್ಕಿ ನಮ್ಮ ಬೆಂಗಳೂರಿನ ಬಡಾವಣೆಯ ತಗ್ಗಿನ ನಾಲ್ಕು ಅಡ್ಡರಸ್ತೆಗಳಿಗೆ ನೀರು ನುಗ್ಗಿದೆ. ವಿಮಾ ಕ್ಲೇಮಿನ ನಷ್ಟವನ್ನು ಅಂದಾಜು ಮಾಡುವ, ಪರವಾನಗಿ ಹೊಂದಿರುವ ಸರ್ವೇಯರ್ ಒಬ್ಬರು ಇಂದು ಸಂಜೆ ಈ ಗುಂಪಿನಲ್ಲಿ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಪ್ರಶ್ನೆಗಳನ್ನಷ್ಟೇ ಹಾಕಿ.

2ನೇ ಅಡ್ಡರಸ್ತೆ: ನಮಸ್ಕಾರ ಸರ್. ಫ್ರಿಜ್ಜಿನ ಅರ್ಧದವರೆಗೆ ನೀರು ನಿಂತಿತ್ತು. ಈಗ ಒಣಗಿದೆ. ಪ್ಲಗ್ ಹಾಕಿ ನೋಡಬಹುದೇ?

ಸರ್ವೇಯರ್: ನಮಸ್ಕಾರ. ಹಾಕಬೇಡಿ. ಮೇಲೆ ಒಣಗಿದಂತೆ ಕಂಡರೂ ಒಳಗಿನ ವೈರಿಂಗಿನಲ್ಲಿ ತೇವ ಉಳಿದಿರುತ್ತದೆ. ಮೆಕ್ಯಾನಿಕ್ ಬಿಚ್ಚಿ ನೋಡಲಿ. ಅದಕ್ಕೆ ಮೊದಲು ಸ್ಟಿಕ್ಕರಿನಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯ ಫೋಟೋ ತೆಗೆದಿಡಿ. ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಮೇನ್ ಸ್ವಿಚ್ ಮತ್ತು ಇನ್ವರ್ಟರ್ ಎರಡೂ ಆರಿಯೇ ಇರಲಿ. ಮೇ 2025ರ ಮಳೆಯಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯ ನೀರನ್ನು ಹೊರಹಾಕಲು ಹೋಗಿ ಇಬ್ಬರು ವಿದ್ಯುತ್ ತಗುಲಿ ಮೃತಪಟ್ಟರು. ಅವರಲ್ಲಿ ಒಬ್ಬ 12 ವರ್ಷದ ಹುಡುಗ.

3ನೇ ಅಡ್ಡರಸ್ತೆ: ಸರ್, ಸರ್ವೇಯರ್ ಬಂದು ನೋಡುವವರೆಗೆ ಒಂದು ಕಡ್ಡಿಯನ್ನೂ ಅಲುಗಾಡಿಸಬೇಡಿ, ಅಲುಗಾಡಿಸಿದರೆ ಕ್ಲೇಮ್ ಹೋಗುತ್ತದೆ ಎಂದು ಏಜೆಂಟರು ಹೇಳಿದ್ದರಿಂದ ಐದು ದಿನಗಳಿಂದ ಹಾಸಿಗೆ, ಸೋಫಾ, ಬೀರುವಿನ ಬಟ್ಟೆ ಎಲ್ಲವನ್ನೂ ನೆನೆದಂತೆಯೇ ಬಿಟ್ಟಿದ್ದೇವೆ. ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಬಂದಿದೆ. ಥಂಡಿ ತಡೆಯಲಾರದೆ ಎರಡು ರಾತ್ರಿಯಿಂದ ಹಿಂದಿನ ಕೋಣೆಯಲ್ಲಿ ಬಾಣಲೆಗೆ ಇದ್ದಿಲಿನ ಕೆಂಡ ಹಾಕಿಟ್ಟು, ಸೊಳ್ಳೆ ಕಾಟಕ್ಕೆ ಕಿಟಕಿ ಮುಚ್ಚಿ ಮಲಗುತ್ತಿದ್ದೇವೆ. ಹತ್ತು ತಿಂಗಳ ಮಗು ಇದೆ. ಅತ್ತೆಯವರಿಗೆ ಬೆಳಗಿನಿಂದ ತಲೆನೋವು, ವಾಕರಿಕೆ. ಬೂಷ್ಟಿನ ವಾಸನೆಗೆ ಇರಬೇಕು. ಸರ್ವೇಯರ್ ಯಾವಾಗ ಬರಬಹುದು?

ಸರ್ವೇಯರ್: ಅಮ್ಮಾ, ಉಳಿದದ್ದನ್ನು ಆಮೇಲೆ ಓದಿ. ಮೊದಲು ಎಲ್ಲರೂ ಆ ಕೋಣೆಯಿಂದ ಹೊರಗೆ ಬನ್ನಿ, ಬಾಗಿಲು ಕಿಟಕಿ ತೆರೆಯಿರಿ, ಕೆಂಡವನ್ನು ಅಂಗಳಕ್ಕೆ ಒಯ್ಯಿರಿ. ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಮಲಗಿದವರನ್ನು ಏಳಗೊಡದೆ ಕೊಲ್ಲುತ್ತದೆ, ಮತ್ತು ಅದರ ಮೊದಲ ಲಕ್ಷಣವೇ ತಲೆನೋವು ಮತ್ತು ವಾಕರಿಕೆ. ಅತ್ತೆಯವರನ್ನೂ ಮಗುವನ್ನೂ ಈಗಲೇ ವೈದ್ಯರಿಗೆ ತೋರಿಸಿ, ಕೆಂಡ ಇಟ್ಟಿದ್ದನ್ನು ಹೇಳಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಇನ್ನು ಏಜೆಂಟರ ಮಾತು. ಅದು ತಪ್ಪು, ಮತ್ತು ಅದರಿಂದ ಹಾಳಾದ ಮನೆಗಳನ್ನು ಮಳೆಗಾಲ ಬಂದಾಗಲೆಲ್ಲ ನೋಡುತ್ತಿದ್ದೇನೆ. ನಷ್ಟ ಹೆಚ್ಚಾಗದಂತೆ ಸಾಧ್ಯವಾದ ಎಚ್ಚರ ವಹಿಸಬೇಕೆಂದು ಪಾಲಿಸಿಯೇ ನಿಮಗೆ ಹೇಳುತ್ತದೆ. ಒಣಗಿಸಲು ಯಾರ ಅನುಮತಿಯೂ ಬೇಕಿಲ್ಲ. ಬೇಕಾದದ್ದು ಸಾಕ್ಷ್ಯ. ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿದ್ದರೆ ನೆಲದಿಂದ ಆ ಗೆರೆಯವರೆಗೆ ಅಳತೆಯ ಟೇಪು ಹಿಡಿದು, ಅಂಕಿ ಓದುವಂತೆ ಫೋಟೋ ತೆಗೆಯಿರಿ. ಒಮ್ಮೆ ತೊಳೆದರೆ ಆ ಗೆರೆ ಮತ್ತೆ ಸಿಗುವುದಿಲ್ಲ, ನೀರು ಎಷ್ಟು ಎತ್ತರ ನಿಂತಿತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯೂ ಇಲ್ಲ. ಪ್ರತಿ ಕೋಣೆಯ ವಿಡಿಯೋ ಮಾಡಿ, ಹಾಳಾದ ವಸ್ತುಗಳನ್ನೂ ಕೊಂಡ ವರ್ಷಗಳನ್ನೂ ಪಟ್ಟಿ ಮಾಡಿ, ಕಂಪನಿಗೆ ಮಿಂಚಂಚೆ ಕಳುಹಿಸಿ ಕ್ಲೇಮ್ ಸಂಖ್ಯೆ ಪಡೆಯಿರಿ. ಆಮೇಲೆ ಹಾಸಿಗೆಯ ಬಟ್ಟೆ ಮತ್ತು ಫೋಮಿನ ಒಂದು ತುಂಡು ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕಿ. ತೇವದಲ್ಲಿ ಬೂಷ್ಟು ಹಿಡಿಯಲು ಒಂದೆರಡು ದಿನ ಸಾಕು. ನೀವು ಐದು ದಿನ ಕಳೆದಿದ್ದೀರಿ. ಮಗುವನ್ನು ಆ ಮನೆಯಲ್ಲಿ ಮಲಗಿಸಬೇಡಿ.

4ನೇ ಅಡ್ಡರಸ್ತೆ: ಸರ್, ವಾಷಿಂಗ್ ಮೆಷಿನ್ ಆನ್ ಮಾಡಬಹುದೇ?

ಸರ್ವೇಯರ್: ಇಲ್ಲ. ಫ್ರಿಜ್ಜಿನ ಉತ್ತರ ಓದಿ.

1ನೇ ಅಡ್ಡರಸ್ತೆ, ಬಾಡಿಗೆದಾರ: ನಮ್ಮ ಟಿವಿ, ಮಂಚ, ಮಕ್ಕಳ ಪುಸ್ತಕ ಎಲ್ಲ ಹೋಗಿವೆ. ಮಾಲೀಕರ ವಿಮೆಯಿಂದ ನಮಗೆ ಹಣ ಬರುತ್ತದೆಯೇ?

ಸರ್ವೇಯರ್: ಬರುವುದಿಲ್ಲ. ಅವರ ಪಾಲಿಸಿ ಅವರ ಕಟ್ಟಡಕ್ಕೂ ಅವರ ವಸ್ತುಗಳಿಗೂ ಸಂಬಂಧಿಸಿದ್ದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದವರ ಗೃಹೋಪಯೋಗಿ ವಸ್ತುಗಳಿಗೆ, ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ತಾನಾಗಿಯೇ ರಕ್ಷಣೆ ಇರುತ್ತದೆ. ಬಾಡಿಗೆದಾರರು ತಮ್ಮ ವಸ್ತುಗಳಿಗಷ್ಟೇ ಪ್ರತ್ಯೇಕವಾಗಿ ಪಾಲಿಸಿ ಪಡೆಯಬಹುದು.

1ನೇ ಅಡ್ಡರಸ್ತೆ, ಬಾಡಿಗೆದಾರ: ಹಾಗಾದರೆ ನೀರು ಬರುವ ಮನೆಯೆಂದು ಮುಚ್ಚಿಟ್ಟು ಬಾಡಿಗೆಗೆ ಕೊಟ್ಟವರಿಗೆ ಯಾವ ಹೊಣೆಯೂ ಇಲ್ಲವೇ? ಈಗ ಬಣ್ಣದ ಖರ್ಚನ್ನೂ ನಮ್ಮ ಅಡ್ವಾನ್ಸಿನಿಂದ ಮುರಿಯುತ್ತಾರಂತೆ.

1ನೇ ಅಡ್ಡರಸ್ತೆ, ಮನೆ ಮಾಲೀಕ: ನೀವು ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿಕೊಂಡಿರುವುದನ್ನೂ ಇಲ್ಲಿ ಬರೆಯಿರಿ.

1ನೇ ಅಡ್ಡರಸ್ತೆ, ಬಾಡಿಗೆದಾರ: ಎರಡು ತಿಂಗಳು. ಲೆಕ್ಕವನ್ನಾದರೂ ಸರಿಯಾಗಿ ಹೇಳಿ.

2ನೇ ಅಡ್ಡರಸ್ತೆ: ಮಳೆನೀರಿನಿಂದ ಹೋದ ಬಣ್ಣವನ್ನು ಬಾಡಿಗೆದಾರರ ತಲೆಗೆ ಕಟ್ಟುವುದು ಯಾವ ನ್ಯಾಯ?

1ನೇ ಅಡ್ಡರಸ್ತೆ, ಮನೆ ಮಾಲೀಕ: ನಿಮ್ಮನ್ನು ಯಾರೂ ಕೇಳಿಲ್ಲ.

ನಿರ್ವಾಹಕರು: ಅಡ್ವಾನ್ಸಿನ ಜಗಳ ಇಲ್ಲಿ ಬೇಡ.

4ನೇ ಅಡ್ಡರಸ್ತೆ: ಬ್ಯಾಂಕ್ ಲಾಕರಿನಿಂದ ತಂದಿಟ್ಟಿದ್ದ ಒಡವೆಯ ಪೆಟ್ಟಿಗೆ ಕೊಚ್ಚಿಹೋಗಿದೆ. ಅದಕ್ಕೆ ಪರಿಹಾರ ಸಿಗುತ್ತದೆಯೇ ಸರ್?

5ನೇ ಅಡ್ಡರಸ್ತೆ: ಎಲ್ಲರಿಗೂ ಉಪಯುಕ್ತ ಮಾಹಿತಿ, ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: ಬ್ಲೀಚಿಂಗ್ ಪುಡಿಯನ್ನು ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಕಲಸಿ ಗೋಡೆಗೆ ಬಳಿದರೆ ಬೂಷ್ಟು ಒಂದೇ ಗಂಟೆಯಲ್ಲಿ ಮಾಯ.

ಸರ್ವೇಯರ್: ಇದನ್ನು ಈಗಲೇ ಅಳಿಸಿ. ಇವೆರಡನ್ನೂ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಮನೆಯಲ್ಲಿ ಮಕ್ಕಳು ಮರಿ ಇರುವವರು ಇದನ್ನು ನಂಬಿ ಮಾಡುತ್ತಾರೆ.

5ನೇ ಅಡ್ಡರಸ್ತೆ: ಒಳ್ಳೆಯ ಉದ್ದೇಶದಿಂದ ಹಾಕಿದ್ದು ಸರ್. ನಮ್ಮ ಭಾವ ಹೀಗೆಯೇ ಮಾಡಿದ್ದರು, ಏನೂ ಆಗಲಿಲ್ಲ.

ಸರ್ವೇಯರ್: ಅಳಿಸಿ ಎಂದೆ.

2ನೇ ಅಡ್ಡರಸ್ತೆ: ಸರ್ವೇಯರಿಗೆ ನಾವು ಶುಲ್ಕ ಕೊಡಬೇಕೇ?

ಸರ್ವೇಯರ್: ಒಂದು ರೂಪಾಯಿಯನ್ನೂ ಕೊಡಬೇಡಿ. ಕಂಪನಿ ಕೊಡುತ್ತದೆ.

6ನೇ ಅಡ್ಡರಸ್ತೆ: ಗೋಡೆಯೊಳಗಿನ ಪೈಪು ಒಡೆದು ಹಾಲ್ ತುಂಬ ನೀರಾಯಿತು. ಹಳೆಯ ಸೋರಿಕೆಯೆಂದು ಹೇಳಿ ಕಂಪನಿ ಕ್ಲೇಮ್ ತಿರಸ್ಕರಿಸಿದೆ. ಮುಂದೇನು?

ಸರ್ವೇಯರ್: ಪೈಪು ಹಠಾತ್ತನೆ ಒಡೆಯುವುದು ಬೇರೆ, ವರ್ಷಗಟ್ಟಲೆ ಜಿನುಗುವುದು ಬೇರೆ; ಮೊದಲನೆಯದಕ್ಕೆ ರಕ್ಷಣೆ ಇದೆ. ಒಡೆದ ಪೈಪಿನ ತುಂಡನ್ನು ಎಸೆದಿಲ್ಲ ತಾನೇ? ಅದನ್ನೂ ಪ್ಲಂಬರನ ಬಿಲ್ಲನ್ನೂ ಜೋಡಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಜೆ.ಪಿ. ನಗರದಲ್ಲಿರುವ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿಯವರೆಗಿನ ವಿವಾದ ಅವರ ವ್ಯಾಪ್ತಿಗೆ ಬರುತ್ತದೆ.

5ನೇ ಅಡ್ಡರಸ್ತೆ: ಹಬ್ಬಕ್ಕೆ ಮೊದಲು ಪುಟ್ಟಿ ಬಳಿಸಬಹುದೇ?

ಸರ್ವೇಯರ್: ಗೋಡೆ ಒಣಗದೆ ಬೇಡ. ಸಿಪ್ಪೆಯಂತೆ ಏಳುತ್ತದೆ.

ಸರ್ವೇಯರ್: 3ನೇ ಅಡ್ಡರಸ್ತೆಯ ಅಮ್ಮನವರು ಇನ್ನೂ ಉತ್ತರಿಸಿಲ್ಲ. ಪಕ್ಕದ ಮನೆಯವರು ಯಾರಾದರೂ ಹೋಗಿ ನೋಡಿ ಬನ್ನಿ.

1ನೇ ಅಡ್ಡರಸ್ತೆ, ಮನೆ ಮಾಲೀಕ: ಬಾಕಿ ಎರಡಲ್ಲ, ಮೂರು ತಿಂಗಳು. ಬ್ಯಾಂಕಿನ ಪಟ್ಟಿ ಹಾಕಲೇ?

ಸರ್ವೇಯರ್: ಸುಮ್ಮನಿರಿ ಸ್ವಾಮಿ. ಆ ಮನೆಗೆ ಯಾರು ಹೋಗುತ್ತಿದ್ದೀರಿ?

1ನೇ ಅಡ್ಡರಸ್ತೆ, ಬಾಡಿಗೆದಾರ: ನಾನು ಹೊರಟಿದ್ದೇನೆ.

4ನೇ ಅಡ್ಡರಸ್ತೆ: ಸರ್, ಮಿಕ್ಸಿ ಪೂರ್ತಿ ಒಣಗಿದೆ, ಹಾಕಬಹುದೇ?

3ನೇ ಅಡ್ಡರಸ್ತೆ: ಕ್ಷಮಿಸಿ ಸರ್, ಆಸ್ಪತ್ರೆಯಲ್ಲಿದ್ದೇವೆ. ಅತ್ತೆಯವರಿಗೆ ಆಮ್ಲಜನಕ ಕೊಡುತ್ತಿದ್ದಾರೆ, ಮಾತನಾಡುತ್ತಿದ್ದಾರೆ. ಮಗುವನ್ನೂ ನೋಡಿದರು, ಚೆನ್ನಾಗಿದೆಯಂತೆ. ಕೆಂಡದ ಬಾಣಲೆ ಅಂಗಳದಲ್ಲಿದೆ.

ಸರ್ವೇಯರ್: ಸರಿ ಅಮ್ಮಾ. ಕೆಸರಿನ ಗೆರೆಯ ಫೋಟೋ ನಾಳೆ ತೆಗೆಯೋಣ. ಬೆಳಗ್ಗೆ ಹತ್ತಕ್ಕೆ ನಾನೇ ಟೇಪು ತರುತ್ತೇನೆ.